ಮಳೆ ನೋಡಲು ಸಾವಿರ ಕಿಲೋಮೀಟರ್

ಸಹೋದರಿಯರೇ, ನಿಮ್ಮ ಮನೆಯವರು ಯಾರಾದರೂ ಗಲ್ಫಿನಲ್ಲಿದ್ದಾರೆಯೇ? ಇದ್ದರೆ ಅವರ ಊರಿನ ಹೆಸರು, ಕಂಪೆನಿಯ ಹೆಸರು, ತಿಂಗಳಿಗೆ ಎಷ್ಟು ಕಳಿಸುತ್ತಾರೆ ಎಂಬುದೆಲ್ಲ ನಿಮಗೆ ಬಾಯಿಪಾಠವಿರುತ್ತದೆ. ಆದರೆ ಅವರು ಚಹಾಕ್ಕೆ ಸಕ್ಕರೆ ಹಾಕುತ್ತಾರೋ ಇಲ್ಲವೋ? ನನಗೆ ಗೊತ್ತಿರಲಿಲ್ಲ.

ನಮ್ಮವರು 2001ರಲ್ಲಿ ಒಮಾನಿಗೆ ಹೋದವರು. 2016ರ ಒಳಗೆ ಏಳು ಸಲ ರಜೆಯಲ್ಲಿ ಬಂದಿದ್ದರು, ಸಲಕ್ಕೆ ಎರಡು ತಿಂಗಳಂತೆ. ಹದಿನೈದು ವರ್ಷದಲ್ಲಿ ಹದಿನಾಲ್ಕು ತಿಂಗಳ ಸಂಸಾರ. ಆ ವರ್ಷ ಫ್ಯಾಮಿಲಿ ವೀಸಾ ಸಿಕ್ಕಿತು. ಬಾಳೆಹೊನ್ನೂರಿನಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸ ಬಿಟ್ಟು, ಉಮ್ಮನನ್ನು ತಮ್ಮನ ಮನೆಯವರಿಗೆ ಒಪ್ಪಿಸಿ, ಮಗನ ಕೈ ಹಿಡಿದು ಹೊರಟೆ. 2020ರಲ್ಲಿ ಎಲ್ಲರೂ ಊರಿಗೆ ಮರಳಿದೆವು. ನಡುವಿನ ನಾಲ್ಕು ವರ್ಷಗಳ ಕೆಲವು ಸಂಗತಿಗಳನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿತು.

ಮಸ್ಕತ್‌ನ ರೂವಿಯಲ್ಲಿ ನಮ್ಮ ಮನೆ. ಕಿಟಕಿ ತೆರೆದರೆ ಸುತ್ತಲೂ ಕಂದು ಬಣ್ಣದ ಬೋಳು ಗುಡ್ಡಗಳು, ಒಂದು ಎಸಳು ಹುಲ್ಲಿಲ್ಲ. ಭದ್ರಾ ನದಿಯ ದಡದಲ್ಲಿ, ಕಾಫಿ ತೋಟದ ಬದಿಯಲ್ಲಿ ಬೆಳೆದ ನನಗೆ ಆ ಗುಡ್ಡಗಳನ್ನು ನೋಡಿದರೆ ಗಂಟಲು ಒಣಗುತ್ತಿತ್ತು. ಇವರು ಬೆಳಿಗ್ಗೆ ಆರಕ್ಕೆ ಹೋದರೆ ಬರುವುದು ರಾತ್ರಿಗೆ. ಮಗ ಶಾಲೆಗೆ. ಮೊದಲ ತಿಂಗಳು ನಾನು ಮೆಟ್ಟಿಲು ಇಳಿಯಲೇ ಇಲ್ಲ. ಊರಿನಲ್ಲಿ ಎಲ್ಲರಿಗೂ 'ಟೀಚರ್' ಆಗಿದ್ದವಳು ಇಲ್ಲಿ ಗೋಡೆಗಳನ್ನು ಎಣಿಸುತ್ತಾ ಕೂತಿದ್ದೆ. ಇವರಿಗೆ ಹೇಳಿಕೊಳ್ಳಲೂ ಸಂಕೋಚ. ನಿಜ ಹೇಳಬೇಕೆಂದರೆ ನಾವಿಬ್ಬರೂ ಒಬ್ಬರಿಗೊಬ್ಬರು ಅತಿಥಿಗಳ ಹಾಗಿದ್ದೆವು. ಅವರ ಅಂಗಿಗೆ ನಾನು ಇಸ್ತ್ರಿ ಹಾಕಲು ಹೋದರೆ, "ಇರಲಿ, ನನಗೆ ಅಭ್ಯಾಸ ಇದೆ" ಎನ್ನುತ್ತಿದ್ದರು.

ಒಂದು ದಿನ ಉಪ್ಪು ಮುಗಿಯಿತು. ಕೆಳಗಿನ ಅಂಗಡಿಗೆ ಇಳಿಯಲೇಬೇಕಾಯಿತು. ಮದ್ರಸದಲ್ಲಿ ಕಲಿತ ಅರಬಿ ಇದೆಯಲ್ಲ ಎಂಬ ಧೈರ್ಯದಲ್ಲಿ ವ್ಯಾಕರಣಬದ್ಧವಾಗಿ ಒಂದು ವಾಕ್ಯ ಜೋಡಿಸಿಕೊಂಡು ಹೋಗಿ ಒಪ್ಪಿಸಿದೆ. ಅಂಗಡಿಯವನು ಕಣ್ಣು ಬಿಟ್ಟು, "ಎಂದಾ ವೇಣ್ಡೇ?" ಎಂದ. ಮಲಯಾಳಿ! ಮನೆಯಲ್ಲಿ ಬ್ಯಾರಿ ಮಾತಾಡುವ ನನಗೆ ಮಲಯಾಳ ಕಷ್ಟವೇ? ಅಲ್ಲಿನ ಚಿಲ್ಲರೆಗೆ ಬೈಸಾ ಎನ್ನುತ್ತಾರೆ, ನಮ್ಮ ಪೈಸೆಯೇ. ಆದರೆ ನೂರಲ್ಲ, ಸಾವಿರ ಬೈಸಾ ಸೇರಿದರೆ ಒಂದು ರಿಯಾಲ್. 1970ರ ವರೆಗೂ ಒಮಾನಿನಲ್ಲಿ ಭಾರತದ ರಿಸರ್ವ್ ಬ್ಯಾಂಕು ಗಲ್ಫಿಗೆಂದೇ ಅಚ್ಚು ಹಾಕಿದ ರೂಪಾಯಿ ನಡೆಯುತ್ತಿತ್ತಂತೆ. ಇದನ್ನು ತಿಳಿದ ಮೇಲೆ ಪರದೇಶ ಅರ್ಧ ಕಡಿಮೆಯಾಯಿತು.

ಮರುವಾರ ಬಸ್ಸು ಹತ್ತಿ ಒಬ್ಬಳೇ ಮತ್ರಾಕ್ಕೆ ಹೋದೆ. ದೂರವೇನಿಲ್ಲ, ಗುಡ್ಡದ ಆಚೆಗೆ ಸಮುದ್ರ, ಅದರ ಮಗ್ಗುಲಲ್ಲೇ ಹಳೆಯ ಸೂಕ್. ಓಣಿಯೊಳಗೆ ಕಾಲಿಟ್ಟೊಡನೆ ಮೂಗಿಗೆ ಬಡಿದದ್ದು ಉಮ್ಮನ ಮನೆಯ ವಾಸನೆ. ಲೋಬಾನ! ಸಂಜೆ ಕೆಂಡದ ಮೇಲೆ ಉಮ್ಮ ಹಾಕುತ್ತಿದ್ದ ಪುಡಿ ಪೇಟೆಯ ಅಂಗಡಿಯಲ್ಲಿ ಹುಟ್ಟುತ್ತದೆ ಎಂದೇ ನಾನು ತಿಳಿದಿದ್ದೆ. ಇಲ್ಲಿ ಗೋಣಿಗಟ್ಟಲೆ ರಾಶಿ. ದಕ್ಷಿಣದ ದುಫಾರ್ ಪ್ರಾಂತದ ಬರಡು ಭೂಮಿಯಲ್ಲಿ ಬೆಳೆಯುವ ಮರದ ತೊಗಟೆಗೆ ಗಾಯ ಮಾಡಿದರೆ ಹಾಲಿನಂತೆ ಒಸರಿ ಗಟ್ಟಿಯಾಗುವ ಅಂಟು ಅದು. ಕಪ್ಪಾದದ್ದು ಅಗ್ಗ, ತಿಳಿಯಾದದ್ದು ದುಬಾರಿ.

ರಾತ್ರಿ ಇವರಿಗೆ ಹೇಳಿದೆ. ಬೈಯುತ್ತಾರೇನೋ ಎಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹದಿನೈದು ವರ್ಷದಲ್ಲಿ ನಾನು ಆ ಸೂಕಿನ ಒಳಗೆ ಹೋದದ್ದೇ ಇಲ್ಲ" ಎಂದರು. ಕೆಲಸ, ಕೋಣೆ, ಶುಕ್ರವಾರ ಬಟ್ಟೆ ಒಗೆಯುವುದು, ಹಣ ಕಳಿಸಲು ಸಾಲಿನಲ್ಲಿ ನಿಲ್ಲುವುದು. ಅವರು ಕಂಡ ಒಮಾನ್ ಅಷ್ಟೇ. ಆ ಮಾತು ನನಗೆ ಬಹಳ ದಿನ ಚುಚ್ಚಿತು. ಮುಂದಿನ ಶುಕ್ರವಾರ ಜುಮಾ ಮುಗಿಸಿ ನಾನೇ ಅವರನ್ನು ಮತ್ರಾಕ್ಕೆ ಕರೆದುಕೊಂಡು ಹೋದೆ. ಅಂದಿನಿಂದ ರಜೆಯ ತಿರುಗಾಟ ನಮ್ಮ ಪದ್ಧತಿಯಾಯಿತು. ನಿಝ್ವಾದ ಕೋಟೆ ನೋಡಿದೆವು, ಫಲಜ್ ಎಂಬ ನೀರಿನ ಕಾಲುವೆಯಲ್ಲಿ ಕಾಲು ಇಳಿಬಿಟ್ಟು ಕೂತೆವು. ಯಂತ್ರವಿಲ್ಲದೆ, ಇಳಿಜಾರನ್ನೇ ನಂಬಿ ನೀರನ್ನು ಖರ್ಜೂರದ ತೋಟಕ್ಕೆ ಹರಿಸುವ ಉಪಾಯ. ಅಂತಹ ಐದು ಫಲಜ್‌ಗಳನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಪಕ್ಕದ ಮನೆಯಲ್ಲಿ ಒಬ್ಬ ಒಮಾನಿ ಅಜ್ಜಿ ಇದ್ದರು. ಒಮ್ಮೆ ಕರೆದು ಖರ್ಜೂರ ಕೊಟ್ಟು, ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಕಹ್ವಾ ಸುರಿದರು. ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿಯ ಘಮ. ಕುಡಿದು ಕೆಳಗಿಟ್ಟರೆ ಮತ್ತೆ ಸುರಿದರು. ಬೇಡ ಎನ್ನಲು ದಾಕ್ಷಿಣ್ಯ. ಐದನೆಯದು ಮುಗಿದಾಗ ಅವರ ಸೊಸೆ ನಗುತ್ತಾ ತೋರಿಸಿಕೊಟ್ಟಳು: ಸಾಕಾದರೆ ಬಟ್ಟಲನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಬೇಕು! ನಮ್ಮ ಊರಿನಲ್ಲೂ ಕಾಫಿ ಬೆಳೆಯುತ್ತದೆ ಎಂದರೆ ಅಜ್ಜಿ ನಂಬಲಿಲ್ಲ. ಹೂ ಬಿಟ್ಟ ತೋಟದಲ್ಲಿ ಉಮ್ಮ ನಿಂತಿರುವ ಫೋಟೋ ತೋರಿಸಿದೆ. ಬಾಬಾ ಬುಡನ್‌ರವರು ಯಮನ್‌ನಿಂದ ಏಳು ಬೀಜ ತಂದು ನಮ್ಮ ಗಿರಿಯಲ್ಲಿ ಬಿತ್ತಿದರೆಂಬ ಪ್ರತೀತಿಯನ್ನೂ, ನಮ್ಮ ಬಾಳೆಹೊನ್ನೂರಿನಲ್ಲಿ 1925ರಿಂದಲೇ ಕಾಫಿ ಸಂಶೋಧನಾ ಕೇಂದ್ರವಿರುವುದನ್ನೂ ನನ್ನ ಅರಬಿಯಲ್ಲಿ ವಿವರಿಸಿದೆ. ಅಜ್ಜಿ ಗಮನವಿಟ್ಟು ಕೇಳಿ ಮಗನಿಗೆ ಹೇಳಿದರು: "ಇವಳು ಖುತ್ಬಾ ಓದಿದ ಹಾಗೆ ಮಾತಾಡುತ್ತಾಳೆ." ಅಂದ ಹಾಗೆ, ಅವರ ಏಲಕ್ಕಿ ಪೊಟ್ಟಣದ ಮೇಲೆ ಗ್ವಾಟೆಮಾಲಾ ಎಂದಿತ್ತು. ಮಲೆನಾಡಿನವಳಾದ ನನಗೆ ಅದು ಮಾತ್ರ ಸರಿಬರಲಿಲ್ಲ.

2019ರ ಆಗಸ್ಟ್, ಬಕ್ರೀದ್ ರಜೆ. ಸ್ನೇಹಿತರ ಕುಟುಂಬದೊಂದಿಗೆ ಕಾರಿನಲ್ಲಿ ಸಲಾಲಕ್ಕೆ ಹೊರಟೆವು. ಮಸ್ಕತ್‌ನಿಂದ ಸುಮಾರು ಸಾವಿರ ಕಿಲೋಮೀಟರ್. ಹೆಚ್ಚಿನ ದಾರಿ ಮರಳುಗಾಡು. ತುಮ್ರೈತ್ ದಾಟಿ ಬೆಟ್ಟದ ನೆತ್ತಿಗೆ ಬಂದದ್ದೇ ತಡ, ಕಾರಿನ ಗಾಜಿನ ಮೇಲೆ ಹನಿ! ಮುಂದೆ ಮಂಜು, ಹಸಿರು ಗುಡ್ಡ, ಮೇಯುವ ದನ, ಜೊತೆಗೆ ಒಂಟೆ. ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ ಮುಂಗಾರಿನ ಒಂದು ಅಂಚು ಇಲ್ಲಿಗೂ ತಾಗುತ್ತದೆ. ಅದನ್ನು ಖರೀಫ್ ಎನ್ನುತ್ತಾರೆ. ಪೇಟೆಯ ರಸ್ತೆಬದಿಯಲ್ಲಿ ಎಳನೀರು, ಬಾಳೆಗೊನೆ, ಪಪ್ಪಾಯಿ. ಗಲ್ಫಿನ ನಾನಾ ಕಡೆಯಿಂದ ಬಂದ ಕುಟುಂಬಗಳು ಜಿನುಗು ಮಳೆಯಲ್ಲೇ ಚಾಪೆ ಹಾಸಿ ಕೂತು ಊಟ ಮಾಡುತ್ತಿದ್ದವು. ನಾವಾದರೆ ಜಗಲಿಗೆ ಓಡುತ್ತೇವೆ! ನಾನು ತಲೆಯ ಮೇಲಿನ ಶಾಲು ಒದ್ದೆಯಾಗುವವರೆಗೆ ನಿಂತೆ. ಇವರು ಕೊಡೆ ತರಲಿಲ್ಲ, ಪಕ್ಕದಲ್ಲಿ ಬಂದು ತಾವೂ ನೆನೆದರು.

ಸಂಜೆ ತಮ್ಮನಿಗೆ ಫೋನ್ ಮಾಡಿದರೆ ಲೈನ್ ಇಲ್ಲ. ಸಂಬಂಧಿಕರಿಂದ ಸುದ್ದಿ ಬಂತು: ಮಲೆನಾಡಿನಲ್ಲಿ ಭಾರೀ ಮಳೆ, ಮೂಡಿಗೆರೆ ಕಡೆ ಗುಡ್ಡ ಕುಸಿದಿದೆ, ಭದ್ರೆ ಉಕ್ಕಿದ್ದಾಳೆ, ಕರೆಂಟಿಲ್ಲ. ಎರಡು ದಿನ ಅನ್ನ ಇಳಿಯಲಿಲ್ಲ. ಹೊರಗೆ ಜನ ಮಳೆಗೆ ಖುಷಿಪಡುತ್ತಿದ್ದರು, ನಾನು ಹೋಟೆಲ್ ಕೋಣೆಯಲ್ಲಿ ಫೋನ್ ಹಿಡಿದು ಕೂತಿದ್ದೆ. ಮಧ್ಯರಾತ್ರಿಯಲ್ಲಿ ಎದ್ದು ಕರೆ ಮಾಡುತ್ತಿದ್ದವರು ಇವರು. ಅರ್ಧ ಗಂಟೆಗೊಮ್ಮೆ ಮಾಡುತ್ತಲೇ ಇದ್ದರು.

ಮೂರನೆಯ ದಿನ ಉಮ್ಮನ ದನಿ ಕೇಳಿತು.

"ನಮಗೇನೂ ಆಗಿಲ್ಲ ಮಗಳೇ. ಹಿತ್ತಲಿನ ದರೆ ಜರಿದಿದೆ, ಅಷ್ಟೇ. ನೀನೆಲ್ಲಿದ್ದೀ?"

"ಸಲಾಲದಲ್ಲಿ ಉಮ್ಮಾ. ಮಳೆ ನೋಡಲು ಬಂದಿದ್ದೇವೆ."

ಆಚೆ ಕಡೆ ಮೌನ. ಆಮೇಲೆ ಜೋರಾಗಿ ನಗು. "ಅಲ್ಲ, ಮಳೆ ನೋಡಲು ಅಷ್ಟು ದೂರ ಹೋಗಬೇಕಿತ್ತಾ? ಇಲ್ಲಿಗೇ ಬಂದಿದ್ದರೆ ಸಾಕಾಗಿತ್ತು. ಬರುವಾಗ ಲೋಬಾನ ಮಾತ್ರ ಮರೆಯಬೇಡ, ಬಟ್ಟೆಯೆಲ್ಲ ಮುಗ್ಗಲು ವಾಸನೆ ಬರ್ತಾ ಇದೆ."