ವಾಲಿ ಕೇಳುವ ಪ್ರಶ್ನೆ

ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದರೆ ಮತ್ತೆ ದೀಪಾವಳಿಯ ತನಕ ಕಾಸರಗೋಡಿನಲ್ಲಿ ತಾಳಮದ್ದಳೆಯದೇ ಕಾಲ. ಹೊರಗೆ ಮಳೆ ಹೊಯ್ಯುತ್ತಿರುತ್ತದೆ. ಒಳಗೆ ಮಠದ ಚಾವಡಿಯಲ್ಲೋ ದೇವಸ್ಥಾನದ ಗೋಪುರದಲ್ಲೋ ಪೇಟೆಯ ಸಭಾಭವನದಲ್ಲೋ ಒಬ್ಬರು ಭಾಗವತರು, ಚೆಂಡೆ ಮದ್ದಳೆಯವರು, ಎದುರುಬದುರು ಕೂತ ನಾಲ್ಕಾರು ಮಂದಿ ಅರ್ಥಧಾರಿಗಳು. ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಪದ್ಯ ಮುಗಿದು ಮದ್ದಳೆಯ ನಾದ ಆರುವ ಮೊದಲೇ ಮಾತು ಹುಟ್ಟಬೇಕು, ಮತ್ತು ಆ ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಪೀಠಿಕೆ ಹೇಗೆ ಕಟ್ಟುತ್ತಾರೆ, ಎದುರಾಳಿಯ ಒಂದು ಸಡಿಲ ವಾಕ್ಯವನ್ನು ಯಾವ ಗಳಿಗೆಯಲ್ಲಿ ಹಿಡಿಯುತ್ತಾರೆ, ಸೋಲಲೇಬೇಕಾದ ಪಾತ್ರ ಸೋಲುವ ಮೊದಲು ಎಷ್ಟು ದೂರ ಗೆದ್ದುಕೊಂಡು ಹೋಗುತ್ತದೆ ಎಂಬುದನ್ನೆಲ್ಲ ಸವಿಯುತ್ತ ಕೂರುವುದು ನನ್ನ ಮಟ್ಟಿಗೆ ಬಹಳ ದೊಡ್ಡ ಸುಖ. ಆದರೆ ಇದು ಬರಿಯ ಸುಖದ ಮಾತಲ್ಲ. ನಾವು ಯಾರು, ಯಾವ ಕಡೆಯವರು, ಬದಲಾಗುತ್ತ ಎಷ್ಟರವರೆಗೆ ನಾವಾಗಿಯೇ ಉಳಿಯುತ್ತೇವೆ ಎಂಬ ಪ್ರಶ್ನೆಗಳನ್ನು ಈ ಗಡಿನಾಡು ನಿಜವಾಗಿ ಮಥಿಸಿದ್ದು ಸಮ್ಮೇಳನದ ಠರಾವುಗಳಲ್ಲಿ ಅಲ್ಲ, ಇಂಥ ಕೂಟಗಳಲ್ಲಿ ಎಂದು ನಾನು ನಂಬಿದ್ದೇನೆ.

ಊರಿನ ಸ್ಥಿತಿಯನ್ನು ನೋಡಿ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಅದು ವರದಿಯಾಗಿಯೇ ಉಳಿಯಿತು. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ನಕ್ಷೆಯಲ್ಲಿ ಇಷ್ಟೆಲ್ಲ ಆಗುತ್ತಿರುವಾಗ ಪೇಟೆಯಲ್ಲಿ ತುಳು, ಮಲಯಾಳ, ಕನ್ನಡ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಲ್ಲವೂ ಒಂದೇ ಅಂಗಡಿಯ ಜಗಲಿಯಲ್ಲಿ ವ್ಯಾಪಾರ ಮಾಡುತ್ತಿದ್ದವು, ಈಗಲೂ ಮಾಡುತ್ತಿವೆ. ಹೆದ್ದಾರಿ ಆರು ಪಥಗಳಾಗಿ ಹಿಗ್ಗಿ, ಅಂಗಡಿ ಸಾಲುಗಳು ಹಿಂದೆ ಸರಿದು, ಪೇಟೆಯ ಗುರುತೇ ಸಿಗದಂತಾದ ಈ ದಿನಗಳಲ್ಲೂ ಆ ಗದ್ದಲ ಕಡಮೆಯಾಗಿಲ್ಲ. ಇಂಥ ಕಡೆ ತಾಳಮದ್ದಳೆಯ ಕನ್ನಡ ಒಂದು ವಿಚಿತ್ರ ಸ್ಥಾನದಲ್ಲಿದೆ. ಅದು ಯಾರ ಮನೆಮಾತೂ ಅಲ್ಲ. ಹವ್ಯಕರ ಮನೆಯ ಕನ್ನಡ ಬೇರೆ, ಬಂಟರ ಮನೆಯಲ್ಲಿ ತುಳು, ಎಷ್ಟೋ ಕಲಾವಿದರ ಮನೆಯಲ್ಲಿ ಮಲಯಾಳವೋ ಕೊಂಕಣಿಯೋ ಮರಾಠಿಯೋ. ಇಂಗ್ಲಿಷಿನ ಒಂದು ಪದವೂ ನುಸುಳದ ಆ ಗ್ರಂಥಸ್ಥ ಭಾಷೆಯನ್ನು ಎಲ್ಲರೂ ಕಲಿತೇ ಗಳಿಸಬೇಕು. ಹುಟ್ಟಿನಿಂದ ಯಾರಿಗೂ ಹೆಚ್ಚಿನ ಹಕ್ಕಿಲ್ಲದ ಕಾರಣಕ್ಕೇ ಅದು ಎಲ್ಲರದೂ ಆಗಿದೆ. ಕನ್ನಡಿಗನಾಗುವುದು ಅಭ್ಯಾಸದಿಂದ ಸಾಧ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ನನಗೆ ತೋರುವುದಿಲ್ಲ.

ಇನ್ನು ಅಲ್ಲಿ ನಡೆಯುವ ಚರ್ಚೆಯ ವಿಷಯಕ್ಕೆ ಬರುತ್ತೇನೆ. ವಾಲಿವಧೆಯನ್ನೇ ತೆಗೆದುಕೊಳ್ಳೋಣ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ಇದು ಕಾಡು, ನೀನು ಅಯೋಧ್ಯೆಯವನು, ನನ್ನನ್ನು ದಂಡಿಸಲು ನಿನಗೆ ಯಾವ ಅಧಿಕಾರ? ಈ ಬೆಟ್ಟ, ಈ ಕಾಡು ಎಲ್ಲವೂ ಇಕ್ಷ್ವಾಕುಗಳ ನೆಲ, ಭರತನ ಆಳ್ವಿಕೆಗೆ ಒಳಪಟ್ಟದ್ದು ಎನ್ನುವುದು ವಾಲ್ಮೀಕಿಯ ರಾಮನ ಉತ್ತರಗಳಲ್ಲಿ ಒಂದು. ತಾನು ಬದುಕುವ ನೆಲ ಯಾರ ಆಡಳಿತಕ್ಕೆ ಸೇರಿದ್ದು ಎಂಬುದನ್ನು ದೂರದ ರಾಜಧಾನಿಯೊಂದು ತೀರ್ಮಾನಿಸಿದ ಅನುಭವ ಇರುವ ಸಭೆ ಈ ಸಂವಾದವನ್ನು ಕೇಳುವ ಬಗೆಯೇ ಬೇರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ವಾಲಿಯನ್ನು ಬೆಳೆಸಿದ್ದು ಇಂಥ ಸಭೆಗಳ ಮುಂದೆ. ಕರ್ಣನ ಕಥೆಯಂತೂ ಇನ್ನೂ ಹತ್ತಿರದ್ದು. ನೀನು ರಾಧೇಯನಲ್ಲ, ಕೌಂತೇಯ ಎಂದು ಕೃಷ್ಣ ಹೇಳಿದಾಗ ಕರ್ಣ ಹುಟ್ಟನ್ನು ಅಲ್ಲಗಳೆಯುವುದಿಲ್ಲ, ಸಾಕಿದವಳನ್ನು ಬಿಡುವುದೂ ಇಲ್ಲ. ಒಬ್ಬನಿಗೆ ಇಬ್ಬರು ತಾಯಂದಿರಿರಬಹುದೇ, ಇದ್ದರೆ ಋಣ ಯಾರಿಗೆ ಎಷ್ಟು ಎಂಬುದನ್ನು ಇಬ್ಬರು ನುರಿತ ಅರ್ಥಧಾರಿಗಳು ಗಂಟೆಗಟ್ಟಲೆ ಎಳೆ ಬಿಡಿಸುತ್ತಾರೆ. ಕಾಸರಗೋಡು ಎಂಬ ಹೆಸರು ಅಲ್ಲಿ ಒಮ್ಮೆಯೂ ಬರುವುದಿಲ್ಲ, ಬರಲೂಬಾರದು. ಬಂದರೆ ರಸಭಂಗ. ಆದರೂ ಕೇರಳದ ರೇಶನ್ ಕಾರ್ಡು ಹಿಡಿದು ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸುವ ಮನುಷ್ಯನಿಗೆ ಆ ಪ್ರಶ್ನೆ ತನ್ನದು ಎಂದು ತಿಳಿಸಿ ಹೇಳಬೇಕಾಗಿಲ್ಲ.

ಇದೆಲ್ಲ ಪುರಾಣದ ಹಳೆಯ ಸರಕು, ಇಂದಿನ ಬದುಕಿಗೂ ಅದಕ್ಕೂ ಏನು ಸಂಬಂಧ ಎಂಬ ಆಕ್ಷೇಪ ಉಂಟು. ಆಕ್ಷೇಪಿಸುವವರು ಪದ್ಯವನ್ನು ಮಾತ್ರ ನೋಡುತ್ತಾರೆ, ಅರ್ಥವನ್ನು ನೋಡುವುದಿಲ್ಲ. ಪದ್ಯ ನೂರಾರು ವರ್ಷದ್ದಿರಬಹುದು, ಅರ್ಥ ಇವತ್ತು ರಾತ್ರಿಯದು. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ತಾವೇ ಭಾಗವತಿಕೆ ಮಾಡುತ್ತಿದ್ದ ಕಲಾಪ್ರೇಮಿ. ದೇಶಕ್ಕೆ ಅವರ ಹೆಸರು ಪರಿಚಯವಾದದ್ದು ಕೇರಳ ಸರಕಾರದ ಭೂಸುಧಾರಣೆಯ ವಿರುದ್ಧ ಅವರು ಹೂಡಿದ ಮೊಕದ್ದಮೆಯಿಂದ. 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ 7-6ರ ಬಹುಮತದಲ್ಲಿ ಹೇಳಿದ್ದು ಇಷ್ಟು: ಸಂವಿಧಾನವನ್ನು ಸಂಸತ್ತು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಅರ್ಥಧಾರಿಯ ಸ್ವಾತಂತ್ರ್ಯವೂ ಇದೇ ಅಳತೆಯದು. ವಾಲಿಯ ವಾದ ಎಷ್ಟೇ ಪ್ರಬಲವಾಗಲಿ, ಮುಂದಿನ ಪದ್ಯಕ್ಕೆ ಅವನು ಬಂದು ಸೇರಲೇಬೇಕು. ಆ ಕಟ್ಟಿನೊಳಗೆ ಹೊಸ ಕಾಲದ ನ್ಯಾಯ, ಹೊಸ ಸಂಶಯ, ಹೊಸ ಸಿಟ್ಟು ಎಲ್ಲಕ್ಕೂ ಎಡೆಯಿದೆ. ಸಂಪ್ರದಾಯ ಮತ್ತು ಬದಲಾವಣೆಯ ಬಗ್ಗೆ ಕಾಸರಗೋಡಿನ ಮಠವೊಂದರ ಮೊಕದ್ದಮೆಯೂ ಅದೇ ಮಠ ಪೋಷಿಸಿದ ಕಲೆಯೂ ಒಂದೇ ತೀರ್ಮಾನಕ್ಕೆ ಬಂದದ್ದು ನನಗೆ ಯಾವತ್ತೂ ಅಚ್ಚರಿಯ ಸಂಗತಿ.

ಶುದ್ಧಿಯ ಕಡೆಯಿಂದಲೂ ಒಂದು ಆಕ್ಷೇಪ ಬರುತ್ತದೆ: ಹೀಗೆ ಎಲ್ಲರನ್ನೂ ಒಳಗೆ ಬಿಟ್ಟುಕೊಂಡರೆ ಕಲೆ ಕಲಬೆರಕೆಯಾಗುವುದಿಲ್ಲವೇ? ಶುದ್ಧವಾಗಿದ್ದದ್ದು ಯಾವಾಗ ಎಂದು ತಿರುಗಿ ಕೇಳಬೇಕಾಗುತ್ತದೆ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಿಗೂ ಕೊಟ್ಟಾರಕ್ಕರ ತಂಬುರಾನನ ರಾಮನಾಟ್ಟಕ್ಕೂ ಇರುವ ನಂಟನ್ನು ವಿದ್ವಾಂಸರು ಬಹಳ ಕಾಲದಿಂದ ಚರ್ಚಿಸಿದ್ದಾರೆ. ಸುಬ್ಬನ ಕಾಲ, ಕರ್ತೃತ್ವಗಳ ಬಗ್ಗೆ ಮುಳಿಯ ತಿಮ್ಮಪ್ಪಯ್ಯನವರದು ಒಂದು ಮತ, ಶಿವರಾಮ ಕಾರಂತರದು ಇನ್ನೊಂದು. ಇಲ್ಲಿನ ಯಕ್ಷಗಾನವಾದ ತೆಂಕುತಿಟ್ಟಿನ ಚೆಂಡೆ ಕೇರಳದ ಚೆಂಡೆಯ ಒಡಹುಟ್ಟು, ಅದರ ಬಣ್ಣದ ವೇಷಗಳಲ್ಲಿ ಕಥಕಳಿಯ ಛಾಯೆ ಕಣ್ಣಿಗೆ ಕಾಣುವಂತಿದೆ. ಮುಂದೆ ಡೇರೆ ಮೇಳಗಳು ತುಳು ಪ್ರಸಂಗಗಳನ್ನು ರಂಗಕ್ಕೆ ತಂದಾಗಲೂ ಹೀಗೆಯೇ ಗೊಣಗಾಟ ಎದ್ದಿತ್ತು. ಪೌರಾಣಿಕ ಪಾತ್ರಗಳ ಸಾರ್ವಭೌಮನೆನಿಸಿದ ಶೇಣಿಯವರು ಬಪ್ಪನಾಡು ಕ್ಷೇತ್ರ ಮಹಾತ್ಮೆಯ ಬಪ್ಪ ಬ್ಯಾರಿಯಾಗಿ ಅಷ್ಟೇ ಹೆಸರಾದರು. ದೇವಿಗೆ ಗುಡಿ ಕಟ್ಟಿಸಿದ ಮುಸ್ಲಿಂ ವ್ಯಾಪಾರಿಯ ಪಾತ್ರ ಅದು. ಕೊಡುಕೊಳೆಯಿಂದ ಹುಟ್ಟಿ ಕೊಡುಕೊಳೆಯಿಂದ ಬೆಳೆದ ಕಲೆಗೆ ಶುದ್ಧಿಯ ಬೇಲಿ ಹಾಕುವುದೇ ಅದಕ್ಕೆ ಮಾಡುವ ಅನ್ಯಾಯ.

ನಗರದ ಧಾವಂತದಲ್ಲಿ ಇದು ಉಳಿಯುವುದಿಲ್ಲ ಎನ್ನುವವರ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಇಡೀ ರಾತ್ರಿಯ ಕೂಟ ಮೂರು ಗಂಟೆಗೆ ಇಳಿದಿದೆ. ಮೊಬೈಲಿನಲ್ಲಿ ಐದು ನಿಮಿಷದ ತುಣುಕು ನೋಡಿ ತೃಪ್ತಿಪಡುವವರು ಹೆಚ್ಚಿದ್ದಾರೆ. ತುಣುಕಿನಲ್ಲಿ ಚಪ್ಪಾಳೆ ಗಿಟ್ಟಿಸುವ ಮಾತು ಸಿಗುತ್ತದೆ, ಅದಕ್ಕೆ ದಾರಿ ಮಾಡಿದ ಪೀಠಿಕೆ ಸಿಗುವುದಿಲ್ಲ. ಈ ನಷ್ಟ ನಿಜ. ಆದರೆ ಕೇರಳದ ಶಾಲಾ ಕಲೋತ್ಸವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಲ್ಲಿ ಯಕ್ಷಗಾನ ಒಂದು ಸ್ಪರ್ಧೆ. ಕಾಸರಗೋಡಿನ ಗುರುಗಳು ಬೇರೆ ಜಿಲ್ಲೆಗಳ ಶಾಲೆಗಳಿಗೂ ಹೋಗಿ ಕಲಿಸುತ್ತಾರೆ, ಕನ್ನಡದ ಗಂಧವಿಲ್ಲದ ಮಕ್ಕಳು ಕನ್ನಡದ ಮಾತುಗಳನ್ನು ಬಾಯಿಪಾಠ ಮಾಡಿ ವೇಷ ಕಟ್ಟುತ್ತಾರೆ. 2019ರಲ್ಲಿ ಕಲೋತ್ಸವ ನಡೆದದ್ದು ನಮ್ಮದೇ ಕಾಞಂಗಾಡಿನಲ್ಲಿ, 2025ರಲ್ಲಿ ತಿರುವನಂತಪುರದಲ್ಲಿ. ರಾಜಧಾನಿಯ ಆ ಜನಜಂಗುಳಿಯ ನಡುವೆ ಮಲಯಾಳಿ ಮಗುವಿನ ಬಾಯಲ್ಲಿ ಕನ್ನಡ ನುಡಿಸುವ ಶಕ್ತಿ ಬೇರೆ ಯಾವ ಕನ್ನಡ ಸಂಸ್ಥೆಗೆ ಇದೆ? ಬಾಯಿಪಾಠದ ಮಾತು ಸ್ವಂತ ಮಾತಾಗುವುದಿಲ್ಲ ಎಂದರೆ ಒಪ್ಪುತ್ತೇನೆ. ಆ ಮುಂದಿನ ಹೆಜ್ಜೆಯನ್ನು ಕಲಿಸುವುದು ತಾಳಮದ್ದಳೆಯೇ.

ಕಲೆಯನ್ನು ಹೊಗಳುತ್ತ ಹಕ್ಕುಗಳನ್ನು ಮರೆಯಬೇಡಿ ಎಂಬ ಎಚ್ಚರಿಕೆಯನ್ನು ನಾನು ತಲೆಬಾಗಿ ಒಪ್ಪುತ್ತೇನೆ. 2017ರಲ್ಲಿ ಮಲಯಾಳ ಕಡ್ಡಾಯ ಕಲಿಕೆಯ ಕಾಯ್ದೆ ಬಂದಾಗ ಇಲ್ಲಿನ ಕನ್ನಡಿಗರು ಬೀದಿಗಿಳಿದದ್ದು ನ್ಯಾಯವೇ ಆಗಿತ್ತು. ಶಾಲೆಯಲ್ಲಿ ಕನ್ನಡ ಬಲ್ಲ ಅಧ್ಯಾಪಕರು, ಕಚೇರಿಯಲ್ಲಿ ಕನ್ನಡದ ಅರ್ಜಿ ನಮೂನೆ ಬೇಕೆಂದು ಕೇಳುವುದನ್ನು ಯಾವ ಕಲೆಯ ಹೆಸರಿನಲ್ಲೂ ಬಿಡಲಾಗದು. ಆದರೆ ಹಕ್ಕಾಗಿ ಪಡೆದ ಭಾಷೆಯಲ್ಲಿ ವಾದಿಸಲು, ಸಂಶಯಪಡಲು, ಎದುರಿನವನ ನ್ಯಾಯವನ್ನೂ ಎತ್ತಿ ಹೇಳಲು ಬಾರದೆ ಹೋದರೆ ಆ ಹಕ್ಕು ಕಾಗದದಲ್ಲಿ ಉಳಿಯುತ್ತದೆ. ಆದ್ದರಿಂದ ಗಡಿನಾಡಿನ ಕನ್ನಡ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ. ರಾಜ್ಯೋತ್ಸವದ ಭಾಷಣ ಸ್ಪರ್ಧೆಯ ಜೊತೆಗೆ ವರ್ಷಕ್ಕೊಂದು ತಾಳಮದ್ದಳೆ ಕೂಟ ಇಟ್ಟುಕೊಳ್ಳಿ, ಪ್ರಸಂಗ ವಾಲಿವಧೆಯೇ ಇರಲಿ. ಮನೆಯಲ್ಲಿ ತುಳು ಆಡುವ ಹುಡುಗಿಗೆ ವಾಲಿಯ ಪಾತ್ರ ಕೊಡಿ, ಮಲಯಾಳ ಆಡುವ ಹುಡುಗನಿಗೆ ರಾಮನದು. ಮಾತನ್ನು ಮಾತ್ರ ನೀವು ಬರೆದುಕೊಡಬೇಡಿ.