ಬೇಲಾಪುರದ ಗೊಬ್ಬರದ ಗಿಡ

ಮಾಘ ಕಳೆಯುವ ಹೊತ್ತಿಗೆ ಡೊಂಬಿವಲಿಯಿಂದ ಠಾಣೆಗೆ ಹೋಗುವ ನಿಧಾನದ ಗಾಡಿಯಲ್ಲಿ ಕಿಟಕಿಯ ಪಕ್ಕ ಜಾಗ ದೊರೆತರೆ (ಭಾನುವಾರವಲ್ಲದೆ ದೊರೆಯಲಾರದು!) ಮುಂಬ್ರಾ ಗುಡ್ಡದ ಕಡೆಗೆ ಕಣ್ಣು ಹಾಯಿಸಬೇಕು. ಹುಲ್ಲೆಲ್ಲ ಒಣಗಿ ಕಂದಾಗಿರುವಾಗ ಅಲ್ಲಲ್ಲಿ ಒಂದು ಗಿಡ, ಎಲೆಯೊಂದೂ ಇಲ್ಲದೆ, ಕೊಂಬೆಯುದ್ದಕ್ಕೂ ಅವರೆಯ ಹೂವಿನಂಥ ತಿಳಿಗುಲಾಬಿ ಹೂ ತುಂಬಿಕೊಂಡು ನಿಂತಿರುತ್ತದೆ.

ಮರಾಠಿಯಲ್ಲಿ ಇದಕ್ಕೆ ಗಿರಿಪುಷ್ಪವೆಂಬ ಚಂದದ ಹೆಸರೂ ಉಂಟು, ಉಂದೀರಮಾರಿ ಎಂಬ ಒರಟು ಹೆಸರೂ ಉಂಟು. ನಮ್ಮ ಕರಾವಳಿ, ಮಲೆನಾಡಿನ ವಾಚಕರು ಕಂಡೊಡನೆ ಗುರುತಿಸುವರು: ಗೊಬ್ಬರದ ಗಿಡ! ಶಾಸ್ತ್ರದ ಹೆಸರಾದ ಗ್ಲಿರಿಸಿಡಿಯಾ ಎಂಬುದಕ್ಕೂ ಇಲಿಗಳನ್ನು ಕೊಲ್ಲುವುದೆಂದೇ ಅರ್ಥ. ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಅಲ್ಲಿ ಕೋಕೋ ತೋಟಕ್ಕೆ ನೆರಳು. ಸೊಪ್ಪು ತೊಗಟೆಗಳನ್ನು ಕಾಳಿನೊಡನೆ ಬೇಯಿಸಿ ಹುಳಿಯಿಟ್ಟರೆ ಇಲಿಗೆ ವಿಷ.

ಹಾಗಿದ್ದೂ ಆಡಿಗೆ ಇದು ಒಳ್ಳೆಯ ಮೇವು. ಒಣಗಿಸಿದ ಸೊಪ್ಪಿನಲ್ಲಿ ನೂರಕ್ಕೆ ಸುಮಾರು 20 ಪಾಲು ಸಸಾರಜನಕವಿದೆ. ಠಾಣೆಯಲ್ಲಿ ಗಾಡಿ ಬದಲಿಸಿ ಬೇಲಾಪುರದ ಮಿತ್ರರ ಮನೆಗೆ ಹೋದಾಗ, ಪಾರಸಿಕ್ ಗುಡ್ಡದ ಬುಡದಲ್ಲಿ ಆಡು ಸಾಕುವ ಕಾಕಾ ಒಬ್ಬರು ನಮಗೆ ತಿಳಿಸಿದರು: "ಹಸಿಯದಕ್ಕೆ ವಾಸನೆ, ಸಾಹೇಬ. ಎಮ್ಮೆ ಮೊದಲ ದಿನ ಮೂಸಿ ಬಿಡುತ್ತದೆ. ಅರ್ಧ ದಿನ ಬಾಡಿಸಿ ಒಣಹುಲ್ಲಿನೊಡನೆ ಕೊಡಿ, ಆಮೇಲೆ ಬೇಡುತ್ತದೆ." ಕುದುರೆಗೆ ಮಾತ್ರ ಇದನ್ನು ಹಾಕಲಾಗದು.

ಮಿತ್ರರ ವಸತಿ ಸಂಘದ ಬೇಲಿಯೇ ಈ ಗಿಡ. ಕಾಕಾ ವರ್ಷಕ್ಕೆ ಮೂರು ನಾಲ್ಕು ಬಾರಿ ಕೊಂಬೆ ಕಡಿದೊಯ್ಯುತ್ತಿದ್ದರು. ಪದೇ ಪದೇ ಸವರಿದ ಗಿಡ ಎಲೆ ಉದುರಿಸದೆ ಹಸಿರಾಗಿಯೇ ಇರುತ್ತದೆ, ಆದರೆ ಹೂ ಬಿಡುವುದಿಲ್ಲ. ಸವರದೆ ಬಿಟ್ಟರೆ ಹೂವುಂಟು, ಆ ತಿಂಗಳುಗಳಲ್ಲಿ ಮೇವಿಲ್ಲ. ಈ ಸಲ ಹೂ ನೋಡಬೇಕೆಂದು ಸಮಿತಿಯವರು ಕಡಿಯುವುದನ್ನು ನಿಲ್ಲಿಸಿದ್ದಾರೆ. ಕಡತ ತಿರುವುವ ನಮಗೆ ತಗಾದೆಗಳು ಹೊಸವಲ್ಲ. ಎರಡು ಪಕ್ಷಕ್ಕೂ ಇಷ್ಟು ನ್ಯಾಯವಿರುವುದು ಅಪರೂಪ. ಆದರೂ ಹತ್ತು ಆಡುಗಳ ಹೊಟ್ಟೆಯ ಮುಂದೆ ನಮ್ಮ ಕಣ್ಣಿನ ಹಬ್ಬ ಸ್ವಲ್ಪ ಕಾಯಬಹುದೆಂದು ನಮಗೆ ತೋರುತ್ತದೆ.

ಸೊಪ್ಪಿನ ಬೆಟ್ಟದ ನಾಡಾದ ಶಿರಸಿಯಿಂದ ಬಂದ ಮಿತ್ರರ ತಾಯಿ ಹಾದಿಯೊಂದನ್ನು ಸೂಚಿಸಿದ್ದಾರೆ. ಹಿಂದಿನ ಗೋಡೆಯ ಸಾಲನ್ನು ಕಾಕಾ ಸವರಲಿ. ರಸ್ತೆಯ ಕಡೆಯದು ಹೂವಿಗಿರಲಿ. ಮಳೆಗೆ ಮುಂಚೆ ಮಾರುದ್ದದ ಗೂಟಗಳನ್ನು ಕಡಿದು ಖಾಲಿ ಜಾಗದಲ್ಲಿ ನೆಡಲಿ, ತಾವೇ ಚಿಗುರುತ್ತವೆ. ಯುಗಾದಿಯ ನಂತರದ ಸಭೆಯಲ್ಲಿ ಈ ಮಾತು ಬರಲಿದೆ. ಅಷ್ಟರವರೆಗೆ ಕಾಕಾ ಗುಡ್ಡ ಹತ್ತುತ್ತಿದ್ದಾರೆ.