ಎಂಟು ಇಂಚಿನ ಮೆಟ್ಟಿಲು

ಅರಿಜೋನಾದ ಚಾಂಡ್ಲರ್‌ನಲ್ಲಿ ಹಿತ್ತಿಲಲ್ಲೊಂದು ಈಜುಕೊಳ ಇರುವುದು ಶ್ರೀಮಂತಿಕೆಯ ಗುರುತೇನಲ್ಲ. ಬೇಸಗೆಯಲ್ಲಿ ಬಿಸಿಲು 43 ಡಿಗ್ರಿ ದಾಟುವ ಊರಿದು. ನಾವು ಕೊಂಡ ಮನೆ 1994ರದ್ದು, ಕೊಳವೂ ಅಷ್ಟೇ ಹಳೆಯದು. ಸುತ್ತಲಿನ ಕಾಂಕ್ರೀಟ್ ಅಂಗಳ ಬರಿಗಾಲಿಡಲಾಗದಷ್ಟು ಕಾಯುತ್ತಿತ್ತು, ಅಂಚಿನ ಇಟ್ಟಿಗೆಗಳು ಒಂದೊಂದಾಗಿ ಅಲುಗಾಡತೊಡಗಿದ್ದವು. ಕೊಳದ ಗೋಡೆಯ ತಲೆಯ ಮೇಲೆ ಕೂರುವ ಈ ಅಂಚಿಗೆ ಇಲ್ಲಿ ಕೋಪಿಂಗ್ ಅನ್ನುತ್ತಾರೆ.

ಅಂಗಳದ ಕಾಂಕ್ರೀಟ್ ಇನ್ನೂ ಗಟ್ಟಿಯಾಗಿದೆ, ಒಡೆಯುವುದು ಬೇಡ, ಅದರ ಮೇಲೇ ತಿಳಿಬಣ್ಣದ ಟ್ರಾವರ್ಟೀನ್ ಕಲ್ಲು ಹಾಸೋಣ ಎಂದರು ಗುತ್ತಿಗೆದಾರರು. ಅಂಗಳ ಎರಡು ಇಂಚು ಮೇಲೇರುತ್ತದೆ, ಅದಕ್ಕೆ ಸರಿಯಾಗಿ ಕೋಪಿಂಗೂ ಏರುತ್ತದೆ. ಕಾಗದದ ಮೇಲೆ ಎಲ್ಲ ಸರಿಯಾಗಿತ್ತು. ಆದರೆ ನೀರಿನೊಳಗಿನ ಮೆಟ್ಟಿಲು ಏರುವುದಿಲ್ಲವಲ್ಲ! ಟೇಪು ಹಿಡಿದು ಅಳೆದೆ. ಅಂಚಿನಿಂದ ಮೊದಲ ಮೆಟ್ಟಿಲಿಗೆ 11 ಇಂಚು, ಆಮೇಲೆ 12, ಮತ್ತೆ 12, ಕೊನೆಗೆ ನೆಲಕ್ಕೆ 11. ಎರಡು ಇಂಚು ಸೇರಿದರೆ ಮೊದಲನೆಯದೇ 13 ಆಗುತ್ತದೆ. ಕೊಳದ ಮೆಟ್ಟಿಲಿನ ಎತ್ತರ 12 ಇಂಚು ಮೀರಬಾರದು ಎಂಬುದು ಇಲ್ಲಿ ಬಳಕೆಯಲ್ಲಿರುವ ಸಂಹಿತೆಯ ಮಾತು. ಹೇಳಿದರೆ, ಒಂದು ಕೈಹಿಡಿ ಹಾಕಿದರಾಯಿತು ಎಂಬ ಉತ್ತರ ಬಂತು.

ನನಗೆ ಸಂಹಿತೆಗಿಂತ ಹೆಚ್ಚಾಗಿ ಅಮ್ಮನ ಮಂಡಿಯ ಚಿಂತೆ. ಅವಳಿಗೆ 74. ಎರಡೂ ಮಂಡಿ ಸವೆದಿವೆ. ನೀರಿನಲ್ಲಿ ನಡೆದರೆ ಒಳ್ಳೆಯದು ಎಂದು ಶಿವಮೊಗ್ಗದ ವೈದ್ಯರು ಹೇಳಿದ್ದರು. ಸೊಂಟದ ತನಕ ನೀರಿದ್ದರೆ ಕಾಲಿನ ಮೇಲೆ ಬೀಳುವ ಭಾರ ಸುಮಾರು ಅರ್ಧಕ್ಕಿಳಿಯುತ್ತದೆ. ಎರಡು ವರ್ಷದ ಹಿಂದೆ ಬಂದಿದ್ದಾಗ ಒಂದು ಸಂಜೆ ಎರಡು ಮೆಟ್ಟಿಲು ಇಳಿದಳು, ಹತ್ತಲಾಗಲಿಲ್ಲ. ನನ್ನ ಗಂಡ ಕಂಕುಳಿಗೆ ಕೈಕೊಟ್ಟು ಎತ್ತಬೇಕಾಯಿತು. ಅಳಿಯನ ಕೈಯಲ್ಲಿ ಹಾಗೆ ಎತ್ತಿಸಿಕೊಂಡದ್ದು ಅವಳಿಗೆ ಮಂಡಿನೋವಿಗಿಂತ ಹೆಚ್ಚು ಚುಚ್ಚಿತು ಅಂತ ಕಾಣುತ್ತದೆ. ಉಳಿದ ನಾಲ್ಕು ತಿಂಗಳು ಕೊಳದ ಕಡೆಗಿನ ಬಾಗಿಲು ತೆರೆದಿದ್ದರೂ ಆಚೆ ಹೋಗಲಿಲ್ಲ.

ಮನೆಯೊಳಗಿನ ಮೆಟ್ಟಿಲಿಗೆ ಇಲ್ಲಿ ಏಳೂಮುಕ್ಕಾಲು ಇಂಚಿನ ಮಿತಿಯಿದೆ, ಕೊಳದ ಮೆಟ್ಟಿಲಿಗೆ ಮಾತ್ರ ಹನ್ನೆರಡು. ನೀರು ಎತ್ತಿಕೊಡುತ್ತದಲ್ಲ ಎಂಬುದು ಅದರ ಹಿಂದಿನ ಲೆಕ್ಕವಿರಬೇಕು. ಕೆಳಗಿನ ಮೆಟ್ಟಿಲಿಗೆ ಅದು ಸರಿ. ಆದರೆ ಮೇಲೆ ಬಂದ ಹಾಗೆ ನೀರು ಕೈಬಿಡುತ್ತಾ ಹೋಗುತ್ತದೆ. ಕೊನೆಯ ಮೆಟ್ಟಿಲಿನಿಂದ ಅಂಗಳಕ್ಕೆ ಕಾಲಿಡುವಾಗ ಇಡೀ ಭಾರ, ಜೊತೆಗೆ ಒದ್ದೆ ಬಟ್ಟೆಯದ್ದೂ, ಒಂದೇ ಮಂಡಿಯ ಮೇಲೆ. ನಮ್ಮ ಯೋಜನೆ ಎತ್ತರಿಸಲು ಹೊರಟಿದ್ದು ಸರಿಯಾಗಿ ಅದೇ ಮೆಟ್ಟಿಲನ್ನು.

ಹಂಪಿಯಲ್ಲಿ 1980ರ ದಶಕದಲ್ಲಿ ಅಗೆದಾಗ ಸಿಕ್ಕ ಕಪ್ಪುಕಲ್ಲಿನ ಪುಷ್ಕರಣಿಯನ್ನು ನೋಡಿದವರಿಗೆ ನೆನಪಿರಬಹುದು. ಅದರ ದೊಡ್ಡ ಹಂತಗಳನ್ನು ಮನುಷ್ಯ ಹಾಗೇ ಇಳಿಯಲಾರ. ಅದಕ್ಕೇ ಪ್ರತಿ ಹಂತಕ್ಕೂ ಒತ್ತಿಕೊಂಡು ಪುಟ್ಟ ಪುಟ್ಟ ಮೆಟ್ಟಿಲುಗಳ ಸಾಲು. ದೊಡ್ಡದು ಕಟ್ಟಡಕ್ಕೆ, ಸಣ್ಣದು ಕಾಲಿಗೆ. ಕಲ್ಲು ಯಾವ ದಿಕ್ಕಿನದು, ಯಾವ ಸಾಲಿನದು ಎಂಬ ಗುರುತನ್ನೂ ಕೆತ್ತಿಟ್ಟಿದ್ದಾರೆ. ನಾನು ಮಾಡಿದ್ದೂ ಇಷ್ಟೇ. ಒಟ್ಟು 48 ಇಂಚನ್ನು ನಾಲ್ಕರ ಬದಲು ಆರಾಗಿ ಭಾಗಿಸಿದೆ. ಆರೆಂಟ್ಲ ನಲವತ್ತೆಂಟು. ಹಳೆಯ ಮೂರು ಮೆಟ್ಟಿಲಿನ ಜಾಗದಲ್ಲಿ ಐದು. ಒಂದೊಂದೂ ಅಡಿ ಅಗಲ, ಹಾಗಾಗಿ ಕೊಳದ ಉದ್ದದಲ್ಲಿ ಎರಡಡಿ ಹೋಯಿತು. ಈಜುವವನಾದ ಮಗ ತಕರಾರು ತೆಗೆದ. ಗಂಡ ಖರ್ಚಿನ ಮಾತೆತ್ತಿದರು: ಆರು ತಿಂಗಳಿಗೆಂದು ಬರುವವರಿಗೆ, ಅದೂ ಎರಡು ವರ್ಷಕ್ಕೊಮ್ಮೆ? ಆ ಪ್ರಶ್ನೆಯ ಬಾಲದಲ್ಲಿ ಇನ್ನೊಂದು ಪ್ರಶ್ನೆಯಿತ್ತು, ಇನ್ನೆಷ್ಟು ಸಲ ಬಂದಾರು ಅಂತ. ಅದನ್ನು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೆಲಸ ಫೆಬ್ರವರಿಯಲ್ಲಿ ನಡೆಯಿತು. ಇಲ್ಲಿನ ಬೇಸಗೆಯಲ್ಲಿ ಕೊಳ ಖಾಲಿ ಮಾಡಿದರೆ ಒಳಗಿನ ಗಾರೆ ಒಣಗಿ ಸೀಳುತ್ತದೆ. ಮೆಕ್ಸಿಕೋ ಮೂಲದ ಮೇಸ್ತ್ರಿ, ಮಿತಮಾತಿನವರು, ನನ್ನ ಚಿತ್ರ ನೋಡಿ ಹಳೆಯ ಮೆಟ್ಟಿಲು ಒಡೆಯಬೇಕಿಲ್ಲ ಎಂದರು. ಹೊಸವೆಲ್ಲ ಅವುಗಳಿಗಿಂತ ಮೇಲೇ ಬರುವುದರಿಂದ ಹಳೆಯದರ ಮೇಲೇ ಕಟ್ಟಬಹುದು. ಗಾರೆ ಕೆತ್ತಿ, ತೂತು ಕೊರೆದು, ಎಪಾಕ್ಸಿ ತುಂಬಿ ಕಬ್ಬಿಣದ ಸರಳು ನೆಟ್ಟರು. ಆ ಸರಳನ್ನೂ ಕೈಹಿಡಿಯನ್ನೂ ದಪ್ಪ ತಾಮ್ರದ ತಂತಿಯಿಂದ ಕೊಳದ ಉಳಿದ ಲೋಹಕ್ಕೆಲ್ಲ ಬೆಸೆದರು. ಎಲ್ಲಾದರೂ ವಿದ್ಯುತ್ ಸೋರಿದರೆ ನೀರಲ್ಲಿರುವವರಿಗೆ ಹೊಡೆಯಬಾರದೆಂದು ಈ ಏರ್ಪಾಡು. ಕಾಂಕ್ರೀಟ್ ಸುರಿಯುವ ಮೊದಲು ಇದನ್ನು ನೋಡಲೆಂದೇ ನಗರದ ಇನ್‌ಸ್ಪೆಕ್ಟರ್ ಬಂದು ಹೋದರು.

ಮೆಟ್ಟಿಲಿನ ಅಂಚಿಗೆ ಕಡುನೀಲಿ ಟೈಲ್ಸ್ ಪಟ್ಟಿ ಬೇಕು ಎಂದು ನಾನೇ ಹಟ ಹಿಡಿದೆ. ಮೇಲಿಂದ ನೋಡಿದರೆ ನೀರಿನ ಆಳ ಇರುವುದರ ಮುಕ್ಕಾಲು ಭಾಗದಷ್ಟೇ ಕಾಣುತ್ತದೆ. ಬಿಳಿ ಗಾರೆಯ ಮೇಲೆ ಬಿಳಿ ಮೆಟ್ಟಿಲಿದ್ದರೆ ಎಳೆಯ ಕಣ್ಣೂ ಮೋಸ ಹೋಗುತ್ತದೆ, ಅಮ್ಮನಿಗೆ ಒಂದು ಕಣ್ಣಿನ ಪೊರೆ ತೆಗೆಸಿದ್ದಾಗಿದೆ, ಇನ್ನೊಂದು ಬಾಕಿ.

ಏಪ್ರಿಲ್‌ನಲ್ಲಿ ಬಂದಳು. "ಎಂತಕ್ಕೆ ಇಷ್ಟೆಲ್ಲ ಮಾಡ್ಸಿದೆ ಮಾರಾಯ್ತಿ" ಎಂದು ಒಂದು ವಾರ ಗೊಣಗಿದಳು. ಮಕ್ಕಳು ಶಾಲೆಗೆ, ಅಳಿಯ ಆಫೀಸಿಗೆ ಹೋದ ಮೇಲೆ ಹಳೆಯ ಚೂಡಿದಾರ ಹಾಕಿಕೊಂಡು ಹೊರಗೆ ಬಂದಳು. ನಾನು ದೂರದಲ್ಲೇ ಕೂತಿದ್ದೆ. ಕೈಹಿಡಿ ಹಿಡಿದು ಇಳಿದು, ಎರಡನೆಯ ಮೆಟ್ಟಿಲಲ್ಲಿ ನಿಂತು, ವಾಪಸ್ ಹತ್ತಿದಳು. ಮತ್ತೆ ಇಳಿದಳು. ಹೀಗೆ ನಾಲ್ಕೈದು ಸಲ, ಯಾರಿಗೋ ಪರೀಕ್ಷೆ ಕೊಡುವವಳ ಹಾಗೆ.

ಈಗ ಮೂರನೆಯದರ ತನಕ ಹೋಗುತ್ತಾಳೆ. ಮೊನ್ನೆ ಅಲ್ಲಿ ನಿಂತು, "ಬೇಸಗೇಲಿ ಈ ನೀರು ಎಷ್ಟು ಇಳೀತದೆ?" ಎಂದಳು. ದಿನಕ್ಕೆ ಕಾಲು ಇಂಚಿನ ಮೇಲೆ ಆವಿಯಾಗುತ್ತದೆ, ಕಡಿಮೆಯಾದಷ್ಟನ್ನು ನಲ್ಲಿ ತಾನೇ ತುಂಬಿಕೊಳ್ಳುತ್ತದೆ ಎಂದೆ. ತೀರ್ಥಹಳ್ಳಿಯಲ್ಲಿ ತುಂಗೆಯ ದಡದಲ್ಲಿ ಬೆಳೆದವಳು, ಮೆಟ್ಟಿಲು ನೋಡಿಯೇ ತಿಂಗಳು ಹೇಳಬಲ್ಲವಳು, ನಂಬಲಿಲ್ಲ.

"ಹಾಗಾದ್ರೆ ಕೊನೇ ಮೆಟ್ಲು ಯಾವತ್ತೂ ಹೊರಗೆ ಬರೋದೇ ಇಲ್ವಾ?"

ಇಲ್ಲ ಎಂದೆ. ಸ್ವಲ್ಪ ಹೊತ್ತು ನೀಲಿ ಪಟ್ಟಿಗಳನ್ನು ಎಣಿಸಿ, ಕೈಹಿಡಿಯ ಮೇಲಿನ ಕೈ ಸರಿಸಿ, ನಾಲ್ಕನೆಯದಕ್ಕೆ ಕಾಲಿಟ್ಟಳು.